ಓದಿನ ತೊಡಕೋ, ಕೇಳ್ಮೆಯ ತೊಡಕೋ? ಮಗುವನ್ನು ಬೈಯುವ ಮುನ್ನ ತಿಳಿಯಬೇಕಾದದ್ದು

ಅಸರ್ ನಮಾಝ್ ಮುಗಿದು ಮಗ್ರಿಬ್ ಆಗುವವರೆಗಿನ ಹೊತ್ತು. ನಮ್ಮ ದಟ್ಟಗಳ್ಳಿಯ ಯಾವುದಾದರೂ ಮಕ್ತಬ್‌ನ ಬಾಗಿಲಲ್ಲಿ ನಿಂತು ನೋಡಿ. ಮೂವತ್ತು ಮಕ್ಕಳು ಒಟ್ಟಿಗೆ ಗಟ್ಟಿಯಾಗಿ ಸಬಕ್ ಓದುತ್ತಿರುತ್ತಾರೆ. ಆ ಗುಂಪಿನಲ್ಲಿ ಇಂಥ ಇಬ್ಬರು ಮಕ್ಕಳಿದ್ದಾರೆ ಎಂದುಕೊಳ್ಳೋಣ.

ಮೊದಲನೆಯವನಿಗೆ ಒಂಬತ್ತು ವರ್ಷ. ಹಝ್ರತ್ ಹೇಳಿಕೊಟ್ಟದ್ದನ್ನು ಕೇಳಿ ಕೇಳಿಯೇ ಹತ್ತು ಹನ್ನೆರಡು ಚಿಕ್ಕ ಸೂರಾಗಳನ್ನು ತಪ್ಪಿಲ್ಲದೆ ಬಾಯಿಪಾಠ ಮಾಡಿದ್ದಾನೆ. ಆದರೆ ಖಾಯಿದಾ ತೆರೆದು ಸಾಲಿನ ನಡುವೆ ಬೆರಳಿಟ್ಟು ‘ಇದನ್ನು ಓದು’ ಎಂದರೆ ನಿಂತುಬಿಡುತ್ತಾನೆ. ನಿನ್ನೆ ಕಲಿತ ಅಕ್ಷರ ಇವತ್ತು ಹೊಸದಾಗಿ ಕಾಣುತ್ತದೆ. ‘ಬೇ’, ‘ತೇ’, ‘ಸೇ’ಗಳ ಚುಕ್ಕೆಗಳು ಕಲಸಿಹೋಗುತ್ತವೆ.

ಎರಡನೆಯವನು ಕೊನೆಯ ಸಾಲಿನಲ್ಲಿ ಕೂರುತ್ತಾನೆ. ಒಬ್ಬನನ್ನೇ ಪಕ್ಕಕ್ಕೆ ಕರೆದು ಓದಿಸಿದರೆ ಅಕ್ಷರ ಕೂಡಿಸಿ ಸರಿಯಾಗಿಯೇ ಓದುತ್ತಾನೆ. ಆದರೆ ಗದ್ದಲದ ನಡುವೆ ಹಝ್ರತ್ ಹೇಳಿದ್ದು ಅವನಿಗೆ ತಲುಪುವುದಿಲ್ಲ. ‘ಖಾಯಿದಾ ಮುಚ್ಚು, ರೆಹಾಲು ಎತ್ತಿಡು, ಮುಂದೆ ಬಾ’ ಎಂದರೆ ಖಾಯಿದಾ ಮುಚ್ಚಿ ಸುಮ್ಮನೆ ಕೂತಿರುತ್ತಾನೆ.

ಇಬ್ಬರಿಗೂ ಸಿಗುವ ಹೆಸರು ಒಂದೇ: ‘ಧ್ಯಾನವಿಲ್ಲ, ಸೋಮಾರಿ’. ಶಾಲೆಯಲ್ಲೂ ಇಬ್ಬರ ಅಂಕಪಟ್ಟಿ ಒಂದೇ ಥರ. ಆದರೆ ಇಬ್ಬರ ತೊಂದರೆ ಒಂದೇ ಅಲ್ಲ. ಮೊದಲನೆಯವನದು ಡಿಸ್ಲೆಕ್ಸಿಯಾ ಇರಬಹುದು. ಎರಡನೆಯವನದು ಆಡಿಟರಿ ಪ್ರೊಸೆಸಿಂಗ್ ಡಿಸಾರ್ಡರ್, ಅಂದರೆ ಕೇಳಿಸಿದ್ದನ್ನು ಮೆದುಳು ಬಿಡಿಸಿಕೊಳ್ಳುವಲ್ಲಿನ ತೊಡಕು ಇರಬಹುದು. 2007ರಲ್ಲಿ ‘ತಾರೇ ಜಮೀನ್ ಪರ್’ ಚಲನಚಿತ್ರ ಬಂದ ಮೇಲೆ ಮೊದಲನೆಯದರ ಹೆಸರು ಮನೆಮನೆಗೆ ತಲುಪಿತು. ಎರಡನೆಯದರ ಹೆಸರು ಇಂದಿಗೂ ಹೆಚ್ಚಿನ ಪಾಲಕರಿಗೆ ಗೊತ್ತಿಲ್ಲ.

ಎರಡೂ ಏನು?

ಡಿಸ್ಲೆಕ್ಸಿಯಾ ಕಣ್ಣಿನ ದೋಷವಲ್ಲ, ಬುದ್ಧಿಯ ಕೊರತೆಯೂ ಅಲ್ಲ. ಮಾತಿನೊಳಗಿನ ಸದ್ದುಗಳನ್ನು ಬಿಡಿಸಿ, ಅವನ್ನು ಅಕ್ಷರಗಳಿಗೆ ಜೋಡಿಸುವ ಕೆಲಸ ಮೆದುಳಿಗೆ ಕಷ್ಟವಾಗುವುದು. ‘ಅರಮನೆ’ಯಲ್ಲಿ ‘ಅರ’ ಬಿಟ್ಟರೆ ಏನು ಉಳಿಯುತ್ತದೆ ಎಂಬಂಥ ಆಟವೂ ಇಂಥ ಮಗುವಿಗೆ ಕಷ್ಟ. ಓದು ನಿಧಾನ, ಕಾಗುಣಿತ ತಪ್ಪು, ಹೊಸ ಪದ ಬಂದರೆ ಮೊದಲಕ್ಷರ ನೋಡಿ ಊಹೆ. ಆದರೆ ಅದೇ ಪಾಠವನ್ನು ನೀವು ಓದಿ ಹೇಳಿದರೆ ಚೆನ್ನಾಗಿ ಅರ್ಥಮಾಡಿಕೊಳ್ಳುತ್ತದೆ.

ಎರಡನೆಯ ತೊಡಕಿನಲ್ಲಿ ಕಿವಿ ಸರಿಯಾಗಿಯೇ ಕೇಳುತ್ತದೆ. ಸಾಮಾನ್ಯ ಶ್ರವಣ ಪರೀಕ್ಷೆಯ ಫಲಿತಾಂಶ ‘ನಾರ್ಮಲ್’ ಎಂದೇ ಬರುತ್ತದೆ. ಕಿವಿಯಿಂದ ಮೆದುಳಿಗೆ ಹೋದ ಸದ್ದನ್ನು ಗದ್ದಲದಿಂದ ಬೇರ್ಪಡಿಸುವುದು, ಹತ್ತಿರದ ಸದ್ದುಗಳ ವ್ಯತ್ಯಾಸ ಹಿಡಿಯುವುದು, ವೇಗದ ಮಾತನ್ನು ಅನುಸರಿಸುವುದು ಇಲ್ಲಿ ಕಷ್ಟ. ‘ಏನು? ಏನಂದ್ರಿ?’ ಎಂದು ಮತ್ತೆ ಮತ್ತೆ ಕೇಳುತ್ತದೆ. ಫ್ಯಾನ್, ಟಿವಿ, ಮಿಕ್ಸಿ ಸದ್ದಿನಲ್ಲಿ ಮಾತು ತಪ್ಪಿಹೋಗುತ್ತದೆ. ಫೋನಿನಲ್ಲಿ ಮಾತಾಡಲು ಹಿಂಜರಿಯುತ್ತದೆ.

ಎರಡೂ ಸದ್ದಿಗೆ ಸಂಬಂಧಿಸಿದ್ದರಿಂದಲೇ ಗೊಂದಲ. ಸದ್ದು ಸರಿಯಾಗಿ ಸಿಗದ ಮಗುವಿಗೆ ಕಾಗುಣಿತವೂ ತಪ್ಪಬಹುದು. ಕೆಲವು ಮಕ್ಕಳಲ್ಲಿ ಎರಡೂ ಒಟ್ಟಿಗೆ ಇರುತ್ತವೆ. ಎರಡರ ನಡುವಿನ ಗಡಿಯ ಬಗ್ಗೆ ತಜ್ಞರಲ್ಲೇ ಚರ್ಚೆಯಿದೆ. ಹಾಗಾಗಿ ಅಂತಿಮ ನಿರ್ಧಾರ ಮನೆಯಲ್ಲಿ ಆಗುವಂಥದ್ದಲ್ಲ. ಆದರೆ ಯಾವ ಕಡೆ ವಿಚಾರಿಸಬೇಕು ಎಂಬ ಸುಳಿವು ಮನೆಯಲ್ಲೇ ಸಿಗುತ್ತದೆ.

ಮನೆಯಲ್ಲಿ ಗಮನಿಸಬೇಕಾದ ಮೂರು ಸಂಗತಿ

ಒಂದು: ಸದ್ದಿಲ್ಲದ ಕೋಣೆಯಲ್ಲಿ ಒಂದು ಚಿಕ್ಕ ಕಥೆ ಓದಿ ಹೇಳಿ, ಪ್ರಶ್ನೆ ಕೇಳಿ. ಉತ್ತರ ಚೆನ್ನಾಗಿ ಬಂತೇ? ಈಗ ಅಷ್ಟೇ ಸುಲಭದ ಇನ್ನೊಂದು ಕಥೆಯನ್ನು ಮಗುವಿನ ಕೈಗೇ ಕೊಡಿ. ಕೇಳಿದಾಗ ತಿಳಿದು, ಓದುವಾಗ ಎಡವಿದರೆ ಓದಿನ ತೊಡಕಿನ ಕಡೆ ಯೋಚಿಸಿ.

ಎರಡು: ಎದುರು ನಿಂತು, ಮೌನದಲ್ಲಿ ಎರಡು ಮೂರು ಕೆಲಸ ಒಟ್ಟಿಗೆ ಹೇಳಿ. ಬೇರೊಂದು ದಿನ ಟಿವಿ ಹಾಕಿರುವಾಗ, ಮಗು ನಿಮ್ಮ ಮುಖ ನೋಡದಿರುವಾಗ ಅಂಥದ್ದೇ ಹೇಳಿ. ಮೌನದಲ್ಲಿ ಮಾಡಿ, ಗದ್ದಲದಲ್ಲಿ ಪದೇ ಪದೇ ತಪ್ಪಿದರೆ ಕೇಳ್ಮೆಯ ತೊಡಕಿನ ಕಡೆ ಯೋಚಿಸಿ.

ಮೂರು: ಅದೇ ಕೆಲಸಗಳನ್ನು ಚೀಟಿಯಲ್ಲಿ ಬರೆದುಕೊಡಿ. ಚೀಟಿ ನೋಡಿ ಸರಾಗವಾಗಿ ಮಾಡುವ ಮಗುವಿಗೆ ಓದು ತೊಡಕಲ್ಲ.

ಒಂದು ದಿನ ನೋಡಿ ತೀರ್ಮಾನಿಸಬೇಡಿ. ಕೆಲವು ವಾರ ಗಮನಿಸಿ, ಬರೆದಿಡಿ. ಶಾಲೆಯ ಶಿಕ್ಷಕರನ್ನೂ ಮಕ್ತಬ್‌ನ ಹಝ್ರತ್‌ರನ್ನೂ ಕೇಳಿ. ಬಾಯಿಪಾಠವನ್ನೂ ಓದನ್ನೂ, ಗದ್ದಲವನ್ನೂ ಮೌನವನ್ನೂ ದಿನಾ ಹತ್ತಿರದಿಂದ ನೋಡುವವರು ಅವರೇ.

ತೊಡಕಲ್ಲದ್ದನ್ನು ತೊಡಕೆನ್ನಬೇಡಿ

ನಮ್ಮ ಅನೇಕ ಮಕ್ಕಳು ಮನೆಯಲ್ಲಿ ದಖನಿ ಉರ್ದು ಆಡುತ್ತಾರೆ, ಶಾಲೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್ ಓದುತ್ತಾರೆ, ಸಂಜೆ ಅರಬಿ ಕಲಿಯುತ್ತಾರೆ. ಎರಡು ಲಿಪಿ ಎಡದಿಂದ ಬಲಕ್ಕೆ, ಒಂದು ಬಲದಿಂದ ಎಡಕ್ಕೆ. ಇದರಿಂದ ಡಿಸ್ಲೆಕ್ಸಿಯಾ ಬರುವುದಿಲ್ಲ, ಆದರೆ ಕಲಿಕೆಗೆ ಹೆಚ್ಚು ಸಮಯ ಬೇಕು. ‘ಸೀನ್’–‘ಸ್ವಾದ್’ ಉಚ್ಚಾರ ಒಂದೇ ಆಗುವುದು, ‘ಳ’ ಬದಲು ‘ಲ’ ಬರುವುದು ಮನೆಮಾತಿನ ಪ್ರಭಾವವೇ ಹೊರತು ರೋಗವಲ್ಲ.

ಕನ್ನಡ ಲಿಪಿಯೂ ಸಮಯ ಕೇಳುತ್ತದೆ. ಇಂಗ್ಲಿಷಿಗೆ 26 ಅಕ್ಷರ ಸಾಕು. ಕನ್ನಡದಲ್ಲಿ ಕಾಗುಣಿತ ಸೇರಿದರೆ ರೂಪಗಳು 400 ದಾಟುತ್ತವೆ, ಒತ್ತಕ್ಷರ ಬೇರೆ. ಬೆಂಗಳೂರಿನ ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿದ್ದೂ ಇದನ್ನೇ: ಕನ್ನಡದ ಅಕ್ಷರಕಲಿಕೆ ಒಂದೆರಡು ತರಗತಿಗೆ ಮುಗಿಯದೆ ಮುಂದಿನ ತರಗತಿಗಳಿಗೂ ಚಾಚಿಕೊಳ್ಳುತ್ತದೆ. ಒಂದನೇ ತರಗತಿಯ ಮಗು ಒತ್ತಕ್ಷರದಲ್ಲಿ ತಡವರಿಸಿದರೆ ಗಾಬರಿ ಬೇಡ. ನಾಲ್ಕನೇ ತರಗತಿಯಲ್ಲೂ ಸರಳ ಪದಗಳಲ್ಲೇ ಸಿಕ್ಕಿಕೊಂಡರೆ ತಡಮಾಡಬೇಡಿ.

ಒಂದು ಗುರುತು ನೆನಪಿಡಿ. ನಿಜವಾದ ತೊಡಕು ಸಾಮಾನ್ಯವಾಗಿ ಒಂದೇ ಭಾಷೆಗೆ ಸೀಮಿತವಾಗಿರುವುದಿಲ್ಲ. ಉರ್ದುವಿನಲ್ಲಿ ಚುರುಕಾಗಿ ಅರ್ಥಮಾಡಿಕೊಂಡು, ಇಂಗ್ಲಿಷಿನಲ್ಲಿ ಮಾತ್ರ ಮಂಕಾಗುವ ಮಗುವಿಗೆ ಬೇಕಿರುವುದು ಭಾಷೆಯ ಅಭ್ಯಾಸ.

ಕಣ್ಣು, ಕಿವಿಗಳನ್ನೂ ಮೊದಲೇ ಪರೀಕ್ಷಿಸಿ. ಪದೇ ಪದೇ ಕಿವಿ ಸೋರುವ ಮಗುವಿಗೆ ಕೇಳಿಸುವುದೇ ಏರುಪೇರಾಗುತ್ತಿರಬಹುದು. ಅದಕ್ಕೆ ಇಎನ್‌ಟಿ ವೈದ್ಯರ ಚಿಕಿತ್ಸೆ ಬೇಕು. ಗಮನದ ಕೊರತೆಯ ತೊಂದರೆ ಕೂಡ ಹೊರನೋಟಕ್ಕೆ ಹೀಗೆಯೇ ಕಾಣುತ್ತದೆ.

ಎಲ್ಲಿಗೆ ಹೋಗಬೇಕು?

ಈ ವಿಷಯದಲ್ಲಿ ಮೈಸೂರಿನವರು ಅದೃಷ್ಟವಂತರು. ದೂರದೂರುಗಳಿಂದ ಜನ ಹುಡುಕಿಕೊಂಡು ಬರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಅಂದರೆ ನಾವೆಲ್ಲ ಕರೆಯುವ ಆಯಿಷ್, ದಟ್ಟಗಳ್ಳಿಯಿಂದ ಕೆಲವೇ ಕಿಲೋಮೀಟರ್ ದೂರದ ಮಾನಸಗಂಗೋತ್ರಿಯಲ್ಲಿದೆ. 1965ರಲ್ಲಿ ಆರಂಭವಾದ ಇದು ಕೇಂದ್ರ ಆರೋಗ್ಯ ಸಚಿವಾಲಯದ ಸ್ವಾಯತ್ತ ಸಂಸ್ಥೆ. ಮಾತು, ಭಾಷೆ, ಶ್ರವಣಗಳ ತಜ್ಞರು ಒಂದೇ ಆವರಣದಲ್ಲಿ ಸಿಗುವುದರಿಂದ ಈ ಎರಡು ತೊಡಕುಗಳನ್ನು ಬೇರ್ಪಡಿಸಲು ಇದಕ್ಕಿಂತ ಅನುಕೂಲದ ಜಾಗ ಕಡಿಮೆ.

ಇಲ್ಲಿನ ಪ್ರಾಧ್ಯಾಪಕಿಯಾಗಿದ್ದ ಆಶಾ ಯತಿರಾಜ್ ಮತ್ತು ಸಹಸಂಶೋಧಕರು ಕೇಳ್ಮೆಯ ತೊಡಕಿನ ಮಕ್ಕಳನ್ನು ಗುರುತಿಸಲು 12 ಪ್ರಶ್ನೆಗಳ ಪಟ್ಟಿಯೊಂದನ್ನು ರೂಪಿಸಿದ್ದಾರೆ. ಶಿಕ್ಷಕರೇ ಅದನ್ನು ತುಂಬಬಹುದು. ಅದರಲ್ಲಿ ಅನುಮಾನ ಬಂದರೆ ಮುಂದಿನ ಪರೀಕ್ಷೆ: ಎರಡು ಕಿವಿಗೂ ಒಟ್ಟಿಗೆ ಬೇರೆ ಬೇರೆ ಸದ್ದು ಕೇಳಿಸುವುದು, ಗದ್ದಲದ ನಡುವೆ ಪದ ಗುರುತಿಸುವುದು ಇತ್ಯಾದಿ. ಈ ಪರೀಕ್ಷೆಗಳಿಗೆ ಮಗುವಿಗೆ ಸುಮಾರು ಏಳು ವರ್ಷ ತುಂಬಿರಬೇಕು. ಓದಿನ ಪರೀಕ್ಷೆಯಲ್ಲಿ ಅಕ್ಷರ, ಪದ, ಅರ್ಥವಿಲ್ಲದ ಪದ, ಬರವಣಿಗೆಗಳನ್ನು ನೋಡುತ್ತಾರೆ. ಕನ್ನಡ ಓದನ್ನು ಅಳೆಯುವ ಸಾಧನವನ್ನೂ ಮೈಸೂರಿನಲ್ಲೇ ಪ್ರೊ. ಕೆ.ಎಸ್. ಪ್ರೇಮಾ ಸಿದ್ಧಪಡಿಸಿದ್ದಾರೆ.

ಹೋಗುವಾಗ ಅಂಕಪಟ್ಟಿ, ನೋಟ್‌ಬುಕ್, ನೀವು ಬರೆದಿಟ್ಟ ಚೀಟಿ ಒಯ್ಯಿರಿ. ಮನೆಮಾತು ಉರ್ದು ಎಂಬುದನ್ನು ಮೊದಲೇ ಹೇಳಿ. ಮಗುವಿಗೆ ಸರಿಯಾಗಿ ಬಾರದ ಭಾಷೆಯಲ್ಲಿ ಪರೀಕ್ಷಿಸಿದರೆ ಫಲಿತಾಂಶ ದಾರಿತಪ್ಪಿಸಬಹುದು.

ಬೇರ್ಪಡಿಸಿ ಏನು ಲಾಭ?

ಪರಿಹಾರ ಬೇರೆ ಬೇರೆ, ಅದಕ್ಕೆ. ಡಿಸ್ಲೆಕ್ಸಿಯಾ ಇರುವ ಮಗುವಿಗೆ ಒಂದೇ ಪಾಠವನ್ನು ಹತ್ತು ಸಲ ಬರೆಸಿದರೆ ಕೈ ನೋಯುತ್ತದೆ, ಓದು ಬರುವುದಿಲ್ಲ. ಅದಕ್ಕೆ ಬೇಕಿರುವುದು ಸದ್ದು ಮತ್ತು ಅಕ್ಷರದ ಜೋಡಣೆಯನ್ನು ಹಂತ ಹಂತವಾಗಿ ಕಲಿಸುವ ವಿಶೇಷ ಬೋಧನೆ. ಕೇಳ್ಮೆಯ ತೊಡಕಿನ ಮಗುವನ್ನು ಇಪ್ಪತ್ತು ಮಕ್ಕಳ ಟ್ಯೂಷನ್‌ಗೆ ಸೇರಿಸಿದರೆ ಇನ್ನೊಂದು ಗದ್ದಲಕ್ಕೆ ದೂಡಿದಂತೆ. ಅದಕ್ಕೆ ಮುಂದಿನ ಸಾಲು, ಮುಖ ನೋಡಿ ಆಡುವ ನಿಧಾನದ ಮಾತು, ಒಮ್ಮೆಗೆ ಒಂದೇ ಸೂಚನೆ, ಬೋರ್ಡಿನ ಮೇಲೆ ಬರಹ ಬೇಕು. ಜೊತೆಗೆ ತಜ್ಞರು ಹೇಳುವ ಆಲಿಸುವ ತರಬೇತಿ.

ಮಕ್ತಬ್‌ಗಳಲ್ಲೂ ಇದು ಸಾಧ್ಯ. ಬರಿ ನೆಲಕ್ಕೆ ಚಾಪೆ ಹಾಸಿದರೆ ಪ್ರತಿಧ್ವನಿ ತಗ್ಗುತ್ತದೆ. ಮಕ್ಕಳನ್ನು ಚಿಕ್ಕ ಗುಂಪುಗಳಾಗಿ ಕೂರಿಸಿದರೆ ಗದ್ದಲ ಕಡಿಮೆಯಾಗುತ್ತದೆ. ಓದಲು ತಡವರಿಸುವವನಿಗೆ ಎಲ್ಲರೆದುರು ಓದುವ ಶಿಕ್ಷೆ ತಪ್ಪಿಸಿ, ಪಕ್ಕಕ್ಕೆ ಕರೆದು ಎರಡೇ ಸಾಲು ಓದಿಸಬಹುದು.

ಕಾನೂನಿನ ಲೆಕ್ಕದಲ್ಲೂ ವ್ಯತ್ಯಾಸವಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಗಳಲ್ಲಿ ಡಿಸ್ಲೆಕ್ಸಿಯಾ ಒಳಗೊಂಡ ನಿರ್ದಿಷ್ಟ ಕಲಿಕಾ ನ್ಯೂನತೆ ಸೇರಿದೆ. ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕ ಮುಂತಾದ ಸೌಲಭ್ಯ ಕೇಳಬಹುದು. ಕೇಳ್ಮೆಯ ತೊಡಕಿನ ಹೆಸರು ಆ ಪಟ್ಟಿಯಲ್ಲಿ ಪ್ರತ್ಯೇಕವಾಗಿಲ್ಲ. ಆ ಮಕ್ಕಳ ಪಾಲಕರು ತಜ್ಞರ ವರದಿ ಹಿಡಿದು ಶಾಲೆಯೊಂದಿಗೆ ಮಾತಾಡಬೇಕಾಗುತ್ತದೆ.

ಏಳನೇ ತರಗತಿಗೇ ಶಾಲೆ ಬಿಟ್ಟು ಗ್ಯಾರೇಜು ಸೇರಿದ, ‘ಇವಳಿಗೆ ಓದು ಹತ್ತುವುದಿಲ್ಲ’ ಎಂದು ಮನೆಯಲ್ಲಿ ಕೂರಿಸಿದ ಮಕ್ಕಳು ನಮ್ಮ ನಡುವೆ ಇದ್ದಾರೆ. ಅವರಲ್ಲಿ ಎಷ್ಟು ಮಂದಿ ಸೋಮಾರಿಗಳಾಗಿದ್ದರು, ಎಷ್ಟು ಮಂದಿಯ ತೊಡಕನ್ನು ಯಾರೂ ಗುರುತಿಸಲಿಲ್ಲ ಎಂದು ನಾವು ಒಮ್ಮೆ ಕೇಳಿಕೊಳ್ಳಬೇಕು. ಕುರ್‌ಆನನ್ನು ತಡವರಿಸುತ್ತ, ಕಷ್ಟಪಟ್ಟು ಓದುವವನಿಗೆ ಇಮ್ಮಡಿ ಪ್ರತಿಫಲವಿದೆ ಎಂದು ಪ್ರವಾದಿ ಮುಹಮ್ಮದ್(ಸ) ತಿಳಿಸಿದ್ದನ್ನು ಹಝ್ರತ್ ಆಯಿಶಾ(ರ) ವರದಿ ಮಾಡಿದ್ದಾರೆ. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಆ ಹದೀಸ್ ಇದೆ. ತಡವರಿಸುವ ನಾಲಿಗೆಗೆ ಅಲ್ಲಾಹನ ಬಳಿ ಇಮ್ಮಡಿ ಗೌರವವಿರುವಾಗ, ನಮ್ಮ ಬಳಿ ಅದಕ್ಕೆ ಬೆತ್ತ ಸಿಗಬಾರದು. ಮಕ್ಕಳು ನಮ್ಮ ಕೈಗೆ ಕೊಟ್ಟ ಅಮಾನತ್. ಈ ವಾರ ನಿಮ್ಮ ಮಗುವಿನೊಂದಿಗೆ ಸದ್ದಿಲ್ಲದ ಕೋಣೆಯಲ್ಲಿ ಹತ್ತು ನಿಮಿಷ ಕೂತು ಒಂದು ಕಥೆ ಓದಿ ಹೇಳಿ. ಮಗು ಎಲ್ಲಿ ಎಡವುತ್ತಿದೆ ಎಂಬುದು ಅಲ್ಲಿಂದಲೇ ತಿಳಿಯತೊಡಗುತ್ತದೆ.