ಕ್ಷೇತ್ರಕಾರ್ಯ: ಪದವಿಯ ಮೊದಲ ವರ್ಷಕ್ಕೆ ಬೇಕಾದ ಪಾಠ

ಕೇರಳದ ವಿಶ್ವವಿದ್ಯಾಲಯಗಳಲ್ಲಿ 2024-25ನೆಯ ಶೈಕ್ಷಣಿಕ ವರ್ಷದಿಂದ ನಾಲ್ಕು ವರ್ಷಗಳ ಪದವಿ ಶಿಕ್ಷಣ ಜಾರಿಗೆ ಬಂದಿದೆ. ಮೂರು ವರ್ಷ ಪೂರೈಸಿದವರು ಪದವಿ ಪಡೆದು ಹೊರಬರಬಹುದು. ಅರ್ಹತೆಯುಳ್ಳವರು ನಾಲ್ಕನೆಯ ವರ್ಷ ಸಂಶೋಧನೆ ನಡೆಸಿ ಆನರ್ಸ್ ಪದವಿ ಪಡೆಯಬಹುದು. ಹೀಗೆ ಸಂಶೋಧನೆಯೆಂಬುದು ಸ್ನಾತಕೋತ್ತರ ವಿಭಾಗದ ಹೊಸ್ತಿಲು ದಾಟಿ ಪದವಿ ತರಗತಿಗೆ ಬಂದಿದೆ. ಆದರೆ ಪ್ರಶ್ನೆ ಕೇಳುವುದು, ಕಂಡುದನ್ನು ಬರೆದಿಡುವುದು, ಬರೆದುದನ್ನು ಪರೀಕ್ಷಿಸುವುದು ಇವೆಲ್ಲ ನಾಲ್ಕನೆಯ ವರ್ಷದಲ್ಲಿ ಒಮ್ಮೆಲೇ ಬರುವ ವಿದ್ಯೆಗಳಲ್ಲ. ಅವುಗಳ ರೂಢಿ ಮೊದಲ ಸೆಮಿಸ್ಟರಿನಲ್ಲಿಯೇ ಆರಂಭವಾಗಬೇಕು.

ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಗಡಿನಾಡಿನ ವಿದ್ಯಾರ್ಥಿಗೆ ಈ ಮಾತು ಇನ್ನಷ್ಟು ಸಲ್ಲುತ್ತದೆ. ಕಾಲೇಜಿನಲ್ಲಿ ಪುಸ್ತಕ ಇಂಗ್ಲಿಷಿನದು, ಸುತ್ತಲಿನ ಮಾತು ಹೆಚ್ಚಾಗಿ ಮಲಯಾಳದ್ದು. ಆತ ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತು, ಕೊಟ್ಟ ಪ್ರಬಂಧವನ್ನು ಮೊಬೈಲಿನಿಂದ ನಕಲು ಮಾಡಿ ಒಪ್ಪಿಸುತ್ತಾನೆ. ಅದನ್ನು ಅಪ್ರಾಮಾಣಿಕತೆಯೆಂದು ಜರೆಯುವ ಮೊದಲು, ಬೇರೆ ದಾರಿಯನ್ನು ಅವನಿಗೆ ಯಾರಾದರೂ ತೋರಿಸಿದ್ದಾರೆಯೇ ಎಂದು ಕೇಳಬೇಕು. ಆ ದಾರಿ ಅವನ ಮನೆಯ ಹಿತ್ತಿಲಿನಿಂದಲೇ ಹೊರಡುತ್ತದೆ.

ಒಂದು ಸುರಂಗ, ಒಂದು ಪ್ರಶ್ನೆ

ಕಾಸರಗೋಡು, ಮಂಜೇಶ್ವರ ತಾಲೂಕುಗಳ ಗುಡ್ಡಗಳಲ್ಲಿ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ನೀರು ತೆಗೆಯುವ ಸುರಂಗಗಳಿವೆ. ಒಬ್ಬ ಮನುಷ್ಯ ನುಸುಳಬಲ್ಲಷ್ಟೇ ಅಗಲ. ಉದ್ದ ಕೆಲವು ಮೀಟರುಗಳಿಂದ ಇನ್ನೂರು ಮೀಟರಿಗೂ ಮೀರಿ. ಬಾಯಾರು, ಎಣ್ಮಕಜೆ ಮುಂತಾದ ಕಡೆ ಅನೇಕ ಮನೆ, ತೋಟಗಳು ಇವನ್ನೇ ನೆಚ್ಚಿ ಬೆಳೆದವು. ಮೊದಲ ವರ್ಷದ ವಿದ್ಯಾರ್ಥಿಗಳ ಕ್ಷೇತ್ರಕಾರ್ಯಕ್ಕೆ ಇದಕ್ಕಿಂತ ಒಳ್ಳೆಯ ವಸ್ತು ಸಿಗುವುದು ಕಷ್ಟ. ನಾಲ್ವರ ಒಂದು ತಂಡ, ಒಂದು ಸುರಂಗ, ಒಂದು ಬೆಳಗು ಸಾಕು.

ಹೊರಡುವ ಮುನ್ನ ಪ್ರಶ್ನೆ ಸಿದ್ಧವಿರಬೇಕು. ‘ಸುರಂಗಗಳ ಅಧ್ಯಯನ’ ಎಂಬುದು ಶೀರ್ಷಿಕೆ ಮಾತ್ರ. ‘ಈ ಸುರಂಗದ ನೀರು ಈಗ ಯಾವ ತಿಂಗಳವರೆಗೆ ಸಾಕಾಗುತ್ತದೆ, ಇಪ್ಪತ್ತು ವರ್ಷಗಳ ಹಿಂದೆ ಯಾವ ತಿಂಗಳವರೆಗೆ ಸಾಕಾಗುತ್ತಿತ್ತು?’ ಎಂಬುದು ಪ್ರಶ್ನೆ. ಅದಕ್ಕೆ ಉತ್ತರವಿದೆ, ಆ ಉತ್ತರ ತಪ್ಪಾಗಿರಲೂಬಹುದು, ತಪ್ಪೇ ಎಂದು ಪರೀಕ್ಷಿಸಲೂಬಹುದು.

ಅಳತೆಗೆ ದೊಡ್ಡ ಉಪಕರಣ ಬೇಡ. ಸುರಂಗದ ಒಳಗೆ ಹೋಗುವುದಂತೂ ಬೇಡವೇ ಬೇಡ. ಹೊರಗೆ ಹರಿದು ಬರುವ ನೀರಿಗೆ ಹತ್ತು ಲೀಟರಿನ ಬಕೆಟ್ ಹಿಡಿದು ಗಡಿಯಾರ ನೋಡಿದರಾಯಿತು. ನಾಲ್ಕು ನಿಮಿಷದಲ್ಲಿ ಬಕೆಟ್ ತುಂಬಿದರೆ ನಿಮಿಷಕ್ಕೆ ಎರಡೂವರೆ ಲೀಟರು, ದಿನಕ್ಕೆ 3,600 ಲೀಟರು. ಮೂರು ಸಲ ಅಳೆದು ಮೂರನ್ನೂ ಬರೆಯಬೇಕು. ಒಂದಕ್ಕೊಂದು ತಾಳೆಯಾಗದಿದ್ದರೆ ಅದನ್ನೂ ಮುಚ್ಚಿಡಬಾರದು.

ಮನೆಯ ಹಿರಿಯರು ಸುರಂಗದ ಉದ್ದವನ್ನು ‘ಅರುವತ್ತು ಕೋಲು’ ಎಂದು ಹೇಳಬಹುದು. ಒಂದು ಕೋಲು ಸುಮಾರು ಎರಡೂವರೆ ಅಡಿ; ಅಂದರೆ ನೂರೈವತ್ತು ಅಡಿ. ವಿದ್ಯಾರ್ಥಿ ‘ಕೋಲು’ ಎಂಬ ಮಾತನ್ನೇ ಮೊದಲು ಬರೆದುಕೊಂಡು, ಅಡಿಯ ಲೆಕ್ಕವನ್ನು ಪಕ್ಕದಲ್ಲಿ ಬರೆಯಬೇಕು. ತುಳು, ಹವ್ಯಕ ಕನ್ನಡ, ಮಲಯಾಳ, ಕರಾಡಿ ಹೀಗೆ ಮಾತು ಯಾವುದೇ ಇರಲಿ, ಹೇಳಿದವರ ಪದ ಹೇಳಿದಂತೆಯೇ ಉಳಿಯಬೇಕು. ತರಗತಿಯಲ್ಲಿ ಹಿಂಜರಿಕೆಗೆ ಕಾರಣವಾಗಿದ್ದ ಮನೆಮಾತು ಇಲ್ಲಿ ವಿದ್ಯಾರ್ಥಿಯ ಬಂಡವಾಳವಾಗುತ್ತದೆ.

ಕಂಡದ್ದು, ಕೇಳಿದ್ದು, ಊಹಿಸಿದ್ದು

ಟಿಪ್ಪಣಿ ಪುಸ್ತಕದ ಪುಟದಲ್ಲಿ ಮೂರು ಅಂಕಣಗಳಿರಲಿ: ಕಂಡದ್ದು, ಕೇಳಿದ್ದು, ಊಹಿಸಿದ್ದು. ಬಕೆಟಿನ ಲೆಕ್ಕ ಮೊದಲನೆಯದರಲ್ಲಿ. ‘ನಮ್ಮ ಅಜ್ಜನ ಕಾಲದಲ್ಲಿ ತೋಡಿದ್ದು’ ಎಂಬ ಮಾತು ಎರಡನೆಯದರಲ್ಲಿ. ‘ಕೊಳವೆಬಾವಿಗಳಿಂದಾಗಿ ನೀರು ಇಳಿದಿರಬೇಕು’ ಎಂಬುದು ಮೂರನೆಯದರಲ್ಲಿ. ನ್ಯಾಯಾಲಯಗಳು ಬಹುಕಾಲದಿಂದ ಪಾಲಿಸಿಕೊಂಡು ಬಂದ ವಿವೇಕವೂ ಇದೇ. ಕಂಡ ಸಂಗತಿಗೆ ಕಂಡವರೇ ಸಾಕ್ಷಿ ನುಡಿಯಬೇಕೆಂಬ ನಿಯಮ 1872ರ ಸಾಕ್ಷ್ಯ ಕಾಯಿದೆಯಲ್ಲಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಉಳಿದಿದೆ.

ಕೇಳಿದ್ದನ್ನು ಕಾಗದಪತ್ರದೊಂದಿಗೆ ತಾಳೆ ನೋಡುವುದು ಮುಂದಿನ ಹೆಜ್ಜೆ. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಆದ್ದರಿಂದಲೇ ಇಲ್ಲಿನ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿರುವ ದಸ್ತಾವೇಜುಗಳಲ್ಲಿ ಅನೇಕವು ಕನ್ನಡದವು. ಆ ಮೋಡಿ ಅಕ್ಷರವನ್ನು ಓದಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಓದುವವರೇ ಇಲ್ಲದ ದಿನ ಕಾಗದ ಪೆಟ್ಟಿಗೆಯಲ್ಲಿದ್ದೂ ಗದ್ದೆಯ ಎಲ್ಲೆ, ನೀರಿನ ಹಕ್ಕು ಸಾಬೀತಾಗದೆ ಹೋಗಬಹುದು. ಕಾಸರಗೋಡಿನ ಸರಕಾರಿ ಕಾಲೇಜು, ಮಂಜೇಶ್ವರದ ಗೋವಿಂದ ಪೈ ಸ್ಮಾರಕ ಸರಕಾರಿ ಕಾಲೇಜುಗಳಂಥ ಕಡೆ ಕನ್ನಡ ಬಲ್ಲ ವಿದ್ಯಾರ್ಥಿಗಳಿರುವಾಗಲೇ ಈ ಓದು ಕೈದಾಟಬೇಕು.

ಟಿಪ್ಪಣಿಯ ಬೆಲೆ

ಊರಿನವರ ಟಿಪ್ಪಣಿಗೆ ಎಷ್ಟು ಬೆಲೆಯೆಂಬುದನ್ನು ಎಣ್ಮಕಜೆಯ ಪಡ್ರೆ ಗ್ರಾಮ ದೇಶಕ್ಕೇ ತೋರಿಸಿದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದ ವರ್ಷಗಳಲ್ಲಿ, ಅಲ್ಲಿನ ವೈದ್ಯ ಡಾ. ವೈ. ಎಸ್. ಮೋಹನಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಅಸಹಜವಾದುದನ್ನು ಗಮನಿಸಿ, ಯಾವ ಮನೆಗಳಲ್ಲಿ ಯಾವ ಕಾಯಿಲೆಯೆಂದು ನೋಡುತ್ತ ಹೋದರು. ಪತ್ರಕರ್ತ ಶ್ರೀಪಡ್ರೆ ಊರಿನ ಸಂಗತಿಯನ್ನು ಹೊರಜಗತ್ತಿಗೆ ಬರೆದರು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಇಲ್ಲಿನ ನೀರು, ಮಣ್ಣು, ರಕ್ತದ ಮಾದರಿಗಳನ್ನು ಪರೀಕ್ಷಿಸಿ ವಿಷಾಂಶವನ್ನು ಪತ್ತೆಹಚ್ಚಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಎಂಡೋಸಲ್ಫಾನನ್ನು ದೇಶಾದ್ಯಂತ ನಿಷೇಧಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ನೀಡುವಂತೆ ಕೇರಳ ಸರಕಾರಕ್ಕೆ ಆದೇಶಿಸಿತು. ಪ್ರಯೋಗಾಲಯಕ್ಕೂ ನ್ಯಾಯಾಲಯಕ್ಕೂ ಮೊದಲು ಊರಿನಲ್ಲಿ ಕಣ್ಣಿಟ್ಟು ನೋಡಿ ಬರೆದವರಿದ್ದರು.

ಕ್ಷೇತ್ರಕ್ಕೆ ಹೋಗುವವರಿಗೆ ಮರ್ಯಾದೆಯ ಪಾಠವೂ ಅಗತ್ಯ. ಬಂದ ಉದ್ದೇಶವನ್ನು ಮನೆಯವರಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು. ಧ್ವನಿಮುದ್ರಣವಾಗಲಿ ಛಾಯಾಚಿತ್ರವಾಗಲಿ ಕೇಳದೆ ಸಲ್ಲದು. ಬೇಡವೆಂದವರ ಹೆಸರನ್ನು ಬರೆಯಬಾರದು. ಬರೆದುದನ್ನು ಅವರಿಗೆ ಓದಿ ಹೇಳಿ ತಿದ್ದಿಸಿಕೊಳ್ಳಬೇಕು, ವರದಿಯ ಒಂದು ಪ್ರತಿಯನ್ನು ಆ ಮನೆಗೂ ಮುಟ್ಟಿಸಬೇಕು.

ಇದಕ್ಕೆ ವಿಶೇಷ ಅನುದಾನ ಬೇಕಾಗಿಲ್ಲ. ಅಧ್ಯಾಪಕರು ಒಮ್ಮೆ ಮುಂಚಿತವಾಗಿ ಹೋಗಿ ಬಂದರೆ, ಎರಡು ಪುಟದ ವರದಿಯನ್ನು ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಸಿದರೆ, ವರದಿಯ ಅಂದಕ್ಕಿಂತ ಟಿಪ್ಪಣಿ ಪುಸ್ತಕಕ್ಕೆ ಹೆಚ್ಚು ಅಂಕ ಕೊಟ್ಟರೆ ಸಾಕು. ಆ ಪುಸ್ತಕಗಳನ್ನು ಕಾಲೇಜಿನ ಗ್ರಂಥಾಲಯದಲ್ಲಿ ಜೋಡಿಸಿಟ್ಟು, ಪ್ರತಿ ವರ್ಷ ಅದೇ ತಿಂಗಳಲ್ಲಿ ಅದೇ ಸುರಂಗವನ್ನು ಹೊಸ ತಂಡ ಅಳೆಯಲಿ. ಐದು ವರ್ಷಗಳಲ್ಲಿ ಆ ಗುಡ್ಡದ ನೀರಿನ ಲೆಕ್ಕ ಪಂಚಾಯತಿನ ಮುಂದಿಡಲು ಯೋಗ್ಯವಾದ ದಾಖಲೆಯಾಗುತ್ತದೆ. ಅದನ್ನು ಬರೆದವರು ಹದಿನೆಂಟರ ಹರೆಯದ ನಮ್ಮ ಮಕ್ಕಳೇ ಆಗಿರುತ್ತಾರೆ.