ಕುಲುಮೆಯ ಬೆಳಕು, ರೈಲಿನ ಹೊಗೆ: ಐರೋಪ್ಯ ಚಿತ್ರಕಾರರನ್ನು ಭದ್ರಾವತಿಯಿಂದ ನೋಡಿದಾಗ

ಶಿವಮೊಗ್ಗ: ಐರೋಪ್ಯ ಚಿತ್ರಕಲೆ ಎಂದೊಡನೆ ಹೆಚ್ಚಿನವರ ಕಣ್ಣ ಮುಂದೆ ಬರುವುದು ಮೊನಾಲಿಸಾಳ ನಸುನಗೆ, ವ್ಯಾನ್ ಗೋನ ಸೂರ್ಯಕಾಂತಿ ಹೂಗಳು. ಆದರೆ ಆ ಖಂಡದ ಹೆಸರಾಂತ ಕಲಾವಿದರು ಅರಮನೆ, ಚರ್ಚು, ಹೂದಾನಿಗಳನ್ನಷ್ಟೇ ಚಿತ್ರಿಸಲಿಲ್ಲ. ಕಬ್ಬಿಣದ ಕುಲುಮೆ, ಕಾರ್ಖಾನೆಯ ಚಿಮಣಿ, ಮಳೆಯಲ್ಲಿ ಧಾವಿಸುವ ರೈಲು, ಪಾಳಿ ಮುಗಿಸಿ ಮೈ ತೊಳೆಯುವ ಕಾರ್ಮಿಕರು ಕೂಡ ಅವರ ಕ್ಯಾನ್‌ವಾಸಿನಲ್ಲಿ ಸ್ಥಾನ ಪಡೆದರು. ಭದ್ರಾವತಿ ಮತ್ತು ಶಿವಮೊಗ್ಗದ ಜನರಿಗೆ ಇವು ಪರದೇಶದ ವಸ್ತುಗಳಲ್ಲ. ಮೂರು ತಲೆಮಾರುಗಳು ಕಂಡುಂಡ ಬದುಕು.

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯ ಊದುಕುಲುಮೆ ಇಲ್ಲಿ ಉರಿಯತೊಡಗಿದ್ದು 1923ರಲ್ಲಿ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು ಸೇರಿ ಬೀಡುಕಬ್ಬಿಣವಾಗುತ್ತಿತ್ತು. ಕರಗಿದ ಕಬ್ಬಿಣದ ಈ ಬೆಳಕನ್ನು ಬಣ್ಣದಲ್ಲಿ ಹಿಡಿಯುವುದು ಹೇಗೆ ಎಂಬ ಪ್ರಶ್ನೆಯನ್ನು ಹಿಡಿದು ಹೊರಟರೆ, ಐರೋಪ್ಯ ಚಿತ್ರಕಲೆಯ ಪ್ರಮುಖ ಶೈಲಿಗಳು ಒಂದೊಂದಾಗಿ ಅರ್ಥವಾಗುತ್ತವೆ. ಶೈಲಿ ಎಂಬುದು ಕೇವಲ ಅಲಂಕಾರವಲ್ಲ. ಎದುರಿಗಿದ್ದ ವಸ್ತು ಒಡ್ಡಿದ ಸಮಸ್ಯೆಗೆ ಕಲಾವಿದ ಕಂಡುಕೊಂಡ ಪರಿಹಾರ.

ಕತ್ತಲೆಯಿಂದ ಹುಟ್ಟುವ ಬೆಳಕು

ಚಿತ್ರಕಾರನ ಮೊದಲ ತೊಡಕು ಸರಳವಾದುದು. ಅವನ ಬಳಿ ಇರುವ ಅತ್ಯಂತ ಬೆಳಗುವ ಬಣ್ಣ ಬಿಳಿ. ಕಾದ ಕಬ್ಬಿಣವಾದರೋ ಬಿಳಿ ಬಣ್ಣಕ್ಕಿಂತ ಎಷ್ಟೋ ಪಟ್ಟು ಪ್ರಖರ. ಹಾಗಾದರೆ ಕಣ್ಣು ಕೋರೈಸುವ ಬೆಂಕಿಯನ್ನು ತೋರಿಸುವ ಬಗೆ ಯಾವುದು? ಬೆಂಕಿಯನ್ನು ಹೆಚ್ಚಿಸಲಾಗದಿದ್ದರೆ ಸುತ್ತಲಿನ ಕತ್ತಲೆಯನ್ನು ಹೆಚ್ಚಿಸಬೇಕು. ಇಟಲಿಯ ಕಾರವಾಜಿಯೊ (1571-1610) ಈ ಉಪಾಯವನ್ನು ತುತ್ತತುದಿಗೆ ಒಯ್ದನು. ಅವನ ಚಿತ್ರಗಳ ಹಿನ್ನೆಲೆ ಗಾಢ ಕಪ್ಪು. ಒಂದೇ ಪಕ್ಕದಿಂದ ಬೀಳುವ ಬೆಳಕು ಮುಖ, ಕೈಗಳನ್ನು ಕತ್ತಲೆಯಿಂದ ಕಡೆದು ತೆಗೆದಂತೆ ತೋರಿಸುತ್ತದೆ. ಹಾಲೆಂಡಿನ ರೆಂಬ್ರಾಂಟ್ (1606-1669) ಇದಕ್ಕೆ ಬಣ್ಣದ ದಪ್ಪವನ್ನೂ ಸೇರಿಸಿದನು. ಬೆಳಕು ಬೀಳುವೆಡೆ ಬಣ್ಣವನ್ನು ಗಟ್ಟಿಯಾಗಿ ಮೆತ್ತಿ, ನೆರಳಿನಲ್ಲಿ ತೆಳುವಾಗಿ, ಪಾರದರ್ಶಕವಾಗಿ ಬಳಿಯುವುದು ಅವನ ಪದ್ಧತಿ.

ಇದು ಸಾಧ್ಯವಾದದ್ದು ತೈಲವರ್ಣದಿಂದ. ಅಗಸೆ ಎಣ್ಣೆಯಲ್ಲಿ ಅರೆದ ಬಣ್ಣ ನಿಧಾನವಾಗಿ ಒಣಗುತ್ತದೆ. ಕಲಾವಿದನಿಗೆ ಬಣ್ಣಗಳನ್ನು ಒಂದರೊಳಗೊಂದು ಬೆರೆಸಲು, ಒಣಗಿದ ಪದರದ ಮೇಲೆ ಗಾಜಿನಂತಹ ತೆಳು ಪದರಗಳನ್ನು ಏರಿಸಲು ಕಾಲಾವಕಾಶ ದೊರೆಯುತ್ತದೆ. 15ನೇ ಶತಮಾನದಲ್ಲಿ ಫ್ಲಾಂಡರ್ಸಿನ ಯಾನ್ ವಾನ್ ಐಕ್ ಈ ಮಾಧ್ಯಮವನ್ನು ಪರಿಪಕ್ವಗೊಳಿಸಿದನು.

ಇಂಗ್ಲೆಂಡಿನ ಜೋಸೆಫ್ ರೈಟ್ 1772ರಲ್ಲಿ ಇದೇ ನೆರಳು-ಬೆಳಕಿನ ತಂತ್ರವನ್ನು ಕಮ್ಮಾರಸಾಲೆಗೆ ತಂದನು. 'ಆ್ಯನ್ ಐರನ್ ಫೋರ್ಜ್' ಎಂಬ ಅವನ ಚಿತ್ರದಲ್ಲಿ ದೀಪವಿಲ್ಲ, ಕಿಟಕಿಯ ಬೆಳಕಿಲ್ಲ. ಕಾದ ಕಬ್ಬಿಣದ ತುಂಡೇ ದೀಪ. ಕಮ್ಮಾರನೂ ಅವನ ಹೆಂಡತಿ ಮಕ್ಕಳೂ ಅದರ ಬೆಳಕಿನಲ್ಲಿ ನಿಂತಿದ್ದಾರೆ. ಅದುವರೆಗೆ ಸಂತರ, ದೇವಶಿಶುಗಳ ಸುತ್ತ ಹರಡುತ್ತಿದ್ದ ಪ್ರಭೆ ದುಡಿಯುವ ಕುಟುಂಬವೊಂದರ ಮೇಲೆ ಬಿತ್ತು.

ಮೆನ್ಸೆಲ್ ಕಂಡ ಕಾರ್ಖಾನೆ

ಭದ್ರಾವತಿಯವರು ನೋಡಲೇಬೇಕಾದ ಚಿತ್ರವೊಂದಿದ್ದರೆ ಅದು ಜರ್ಮನಿಯ ಆಡಾಲ್ಫ್ ಮೆನ್ಸೆಲ್ 1872ರಿಂದ 1875ರ ಅವಧಿಯಲ್ಲಿ ರಚಿಸಿದ 'ಕಬ್ಬಿಣದ ರೋಲಿಂಗ್ ಮಿಲ್'. ಎರಡೂವರೆ ಮೀಟರ್ ಅಗಲದ ಈ ತೈಲಚಿತ್ರ ಬರ್ಲಿನ್ನಿನ ಆಲ್ಟೆ ನ್ಯಾಷನಲ್‌ಗ್ಯಾಲರಿಯಲ್ಲಿದೆ. ಇಂದು ಪೋಲೆಂಡಿಗೆ ಸೇರಿರುವ ಕ್ಯೋನಿಗ್ಸ್‌ಹ್ಯೂಟದ ಕಾರ್ಖಾನೆಯೊಳಗೆ ಮೆನ್ಸೆಲ್ ವಾರಗಟ್ಟಲೆ ನಿಂತು ಪೆನ್ಸಿಲ್ಲಿನಲ್ಲಿ ನೂರಾರು ರೇಖಾಚಿತ್ರಗಳನ್ನು ಬರೆದುಕೊಂಡಿದ್ದನು. ಯಂತ್ರದ ಯಾವ ಗಾಲಿ ಎತ್ತ ತಿರುಗುತ್ತದೆ, ಇಕ್ಕಳ ಹಿಡಿದವನ ಬೆನ್ನು ಎಷ್ಟು ಬಾಗುತ್ತದೆ ಎಂಬುದು ಅವನಿಗೆ ಮುಖ್ಯವಾಗಿತ್ತು.

ಚಿತ್ರದ ನಡುವೆ ಬೆಳ್ಳಗೆ ಕಾದ ಕಬ್ಬಿಣ ಯಂತ್ರದ ಉರುಳೆಗಳ ಬಳಿ ಇದೆ. ಎಡಗಡೆ ಪಾಳಿ ಮುಗಿಸಿದವರು ಮೈ ತೊಳೆಯುತ್ತಿದ್ದಾರೆ. ಬಲಮೂಲೆಯಲ್ಲಿ ಕೆಲವರು ಬುತ್ತಿ ಉಣ್ಣುತ್ತಿದ್ದಾರೆ. ಇಲ್ಲಿ ಎರಡು ಬೆಳಕುಗಳಿವೆ: ಕಬ್ಬಿಣದ ಕಿತ್ತಳೆ ಬೆಳಕು ಮತ್ತು ಹೊಗೆಯ ನಡುವೆ ಹಿಂದಿನಿಂದ ಸೋಸಿ ಬರುವ ನೀಲಿಛಾಯೆಯ ಹಗಲ ಬೆಳಕು. ಬಿಸಿ ಬಣ್ಣದ ಪಕ್ಕದಲ್ಲಿ ತಂಪು ಬಣ್ಣವನ್ನಿಟ್ಟರೆ ಎರಡೂ ಹೆಚ್ಚು ತೀವ್ರವಾಗಿ ಕಾಣುತ್ತವೆ. ಕಾರ್ಖಾನೆಯ ಕಾವು ನೋಡುಗನ ಮುಖಕ್ಕೆ ತಟ್ಟಿದಂತಾಗುವುದು ಈ ಸರಳ ನಿಯಮದಿಂದ.

ಮಳೆ, ಉಗಿ ಮತ್ತು ರೈಲು

ಬೀರೂರಿನಿಂದ ಶಿವಮೊಗ್ಗಕ್ಕೆ ರೈಲುಮಾರ್ಗ ಬಂದದ್ದು 1899ರಲ್ಲಿ. ಮುಂಗಾರಿನ ದಿನ ಭದ್ರಾ ನದಿ ದಾಟುವ ರೈಲಿನ ಕಿಟಕಿಯಿಂದ ಹೊರಗೆ ನೋಡಿದವರಿಗೆ ಇಂಗ್ಲೆಂಡಿನ ಟರ್ನರ್‌ನ ಸಮಸ್ಯೆ ಬೇಗ ತಿಳಿಯುತ್ತದೆ. ಮರ, ದಡ, ಸೇತುವೆ ಯಾವುದಕ್ಕೂ ಅಂಚಿಲ್ಲ. ಎಲ್ಲವೂ ನೀರಿನಲ್ಲಿ ಕಲಸಿಹೋಗಿರುತ್ತದೆ. ಟರ್ನರ್ 1844ರಲ್ಲಿ ಪ್ರದರ್ಶಿಸಿದ 'ರೇನ್, ಸ್ಟೀಮ್ ಆ್ಯಂಡ್ ಸ್ಪೀಡ್' ಚಿತ್ರದಲ್ಲಿ ಥೇಮ್ಸ್ ನದಿಯ ಸೇತುವೆಯ ಮೇಲೆ ರೈಲು ಬರುತ್ತಿದೆ. ಗೆರೆ ಎಳೆದು ಆಕಾರ ತೋರಿಸುವ ಶಾಲಾ ಪದ್ಧತಿಯನ್ನು ಅವನು ಕೈಬಿಟ್ಟನು. ಮಸುಕಾದ ಬಣ್ಣವನ್ನು ಪದರ ಪದರವಾಗಿ ಉಜ್ಜಿ, ಕೆಲವೆಡೆ ಗಟ್ಟಿಯಾಗಿ ಮೆತ್ತಿ ಮಳೆಯನ್ನೂ ಉಗಿಯನ್ನೂ ಒಂದಾಗಿಸಿದನು. ಸ್ಪಷ್ಟವಾಗಿ ಕಾಣುವುದು ಎಂಜಿನ್ನಿನ ಕಪ್ಪು ಮೂತಿ ಮಾತ್ರ.

ಫ್ರಾನ್ಸಿನ ಕ್ಲೋಡ್ ಮೊನೆ 1877ರಲ್ಲಿ ಪ್ಯಾರಿಸ್ಸಿನ ಸೇಂಟ್ ಲಜಾರ್ ರೈಲುನಿಲ್ದಾಣವನ್ನು 12 ಬಾರಿ ಚಿತ್ರಿಸಿದನು. ವಸ್ತು ಒಂದೇ, ಗಳಿಗೆ ಬೇರೆ, ಹೊಗೆ ಬೇರೆ, ಬಣ್ಣ ಬೇರೆ. ಮೊನೆ ಮತ್ತು ಅವನ ಗೆಳೆಯರ ಪಂಥಕ್ಕೆ 'ಇಂಪ್ರೆಷನಿಸಂ' ಎಂಬ ಹೆಸರು ಬಂದದ್ದು 1874ರಲ್ಲಿ, ವಿಮರ್ಶಕನೊಬ್ಬನ ಕುಹಕದಿಂದ. ಈ ಪಂಥದ ಹಿಂದೆ ಒಂದು ಸಣ್ಣ ಉಪಕರಣವೂ ಇದೆ. 1841ರಲ್ಲಿ ಜಾನ್ ರ‍್ಯಾಂಡ್ ಎಂಬ ಅಮೆರಿಕದ ಕಲಾವಿದ ತವರದ ಟ್ಯೂಬಿನಲ್ಲಿ ಬಣ್ಣ ತುಂಬುವ ವಿಧಾನಕ್ಕೆ ಪೇಟೆಂಟ್ ಪಡೆದನು. ಬಣ್ಣ ಕೈಚೀಲಕ್ಕೆ ಬಂತು. ಕಲಾವಿದ ಬಯಲಿಗೆ ಬಂದನು. ಬಯಲಿನಲ್ಲಿ ಬೆಳಕು ಕಾಯುವುದಿಲ್ಲವಾದ್ದರಿಂದ ಕುಂಚದ ಹೊಡೆತಗಳು ಚಿಕ್ಕವಾದವು, ವೇಗ ಪಡೆದವು. ನೆರಳೆಂದರೆ ಕಪ್ಪಲ್ಲ, ಅದರಲ್ಲಿ ನೀಲಿ, ನೇರಳೆಗಳಿವೆ ಎಂಬುದನ್ನು ಅವರು ಕಂಡುಕೊಂಡರು.

ಪತ್ರಿಕೆಯ ಚುಕ್ಕಿ, ಸೆರಾನ ಚುಕ್ಕಿ

ಜಾರ್ಜ್ ಸೆರಾ ಎಂಬ ಫ್ರೆಂಚ್ ಕಲಾವಿದ ಈ ಹೊಡೆತಗಳನ್ನು ಚುಕ್ಕಿಗಳಿಗೆ ಇಳಿಸಿದನು. ಬಣ್ಣಗಳನ್ನು ತಟ್ಟೆಯಲ್ಲಿ ಕಲಸುವ ಬದಲು ಶುದ್ಧ ಬಣ್ಣದ ಚುಕ್ಕಿಗಳನ್ನು ಅಕ್ಕಪಕ್ಕದಲ್ಲಿಟ್ಟರೆ ನೋಡುವವನ ಕಣ್ಣೇ ಅವನ್ನು ಬೆರೆಸುತ್ತದೆ ಎಂಬುದು ಅವನ ಲೆಕ್ಕಾಚಾರ. ದಿನಪತ್ರಿಕೆಯ ಬಣ್ಣದ ಚಿತ್ರವನ್ನು ಭೂತಗನ್ನಡಿಯಲ್ಲಿ ನೋಡಿದವರಿಗೆ ಇದು ಹೊಸದಲ್ಲ. ಅಲ್ಲಿಯೂ ಇರುವುದು ನಾಲ್ಕು ಶಾಯಿಗಳ ಚುಕ್ಕಿಗಳು ಮಾತ್ರ. 1936ರಲ್ಲಿ ಸ್ಥಾಪನೆಯಾದ ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ ತಯಾರಿಸುತ್ತಿದ್ದ ಪತ್ರಿಕಾ ಕಾಗದದ ಮೇಲೂ ಇಂಥವೇ ಚುಕ್ಕಿಗಳು ಚಿತ್ರವಾಗಿ ಮೂಡುತ್ತಿದ್ದವು. ಸೆರಾನ 1884ರ ಪ್ರಸಿದ್ಧ ಚಿತ್ರವೊಂದರಲ್ಲಿ ನದಿಯ ದಡದಲ್ಲಿ ಜನರು ವಿಶ್ರಮಿಸುತ್ತಿದ್ದರೆ ಅವರ ಹಿಂದೆ ದೂರದಲ್ಲಿ ಕಾರ್ಖಾನೆಯ ಚಿಮಣಿಗಳು ಹೊಗೆಯುಗುಳುತ್ತಿವೆ. ನದಿ, ಬಿಡುವು, ಚಿಮಣಿ ಇವು ಒಂದೇ ಚೌಕಟ್ಟಿನಲ್ಲಿ ಸೇರುವುದು ಭದ್ರಾವತಿಗೂ ಪರಿಚಿತ.

20ನೇ ಶತಮಾನದಲ್ಲಿ ಪಿಕಾಸೊ ಮತ್ತು ಬ್ರಾಕ್ ವಸ್ತುವನ್ನು ಹಲವು ಕೋನಗಳಿಂದ ಏಕಕಾಲಕ್ಕೆ ತೋರಿಸುವ 'ಕ್ಯೂಬಿಸಂ' ರೂಪಿಸಿದರು. ಫರ್ನಾ ಲೆಜೆ ಅದನ್ನು ಯಂತ್ರಲೋಕಕ್ಕೆ ಒಯ್ದನು. ಅವನ ಚಿತ್ರಗಳಲ್ಲಿ ಮನುಷ್ಯರ ತೋಳುಗಳೂ ಉಕ್ಕಿನ ಕೊಳವೆಗಳಂತೆ ಹೊಳೆಯುತ್ತವೆ.

ನಾಡಿನಲ್ಲಿ ನೋಡುವುದೆಲ್ಲಿ?

ಮುದ್ರಿತ ಪ್ರತಿಕೃತಿಯಲ್ಲಿ ಬಣ್ಣದ ದಪ್ಪ, ಪದರ, ಅಳತೆ ಮೂರೂ ಕಾಣುವುದಿಲ್ಲ. ಕಲಿಯುವವರಿಗೆ ಇದೇ ದೊಡ್ಡ ಕೊರತೆ. ಆದರೂ ರಾಜ್ಯದೊಳಗೇ ಕೆಲವು ಅವಕಾಶಗಳಿವೆ. ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯದ ಚಿತ್ರಗಳನ್ನು ಇಟಲಿಯ ಆಂಟೋನಿಯೊ ಮೊಸ್ಕೇನಿ ಎಂಬ ಜೆಸ್ವಿಟ್ ಕಲಾವಿದ 1899ರಿಂದ 1901ರವರೆಗೆ ರಚಿಸಿದನು. ಅಲ್ಲಿನ ಭಿತ್ತಿಚಿತ್ರಗಳದು ಫ್ರೆಸ್ಕೊ ವಿಧಾನ. ಹಸಿ ಸುಣ್ಣದ ಗಾರೆಯ ಮೇಲೆ ಬಣ್ಣ ಹಚ್ಚಿದರೆ, ಗಾರೆ ಗಾಳಿ ಸೇವಿಸಿ ಗಟ್ಟಿಯಾಗುವಾಗ ಬಣ್ಣವೂ ಗೋಡೆಯ ಭಾಗವಾಗುತ್ತದೆ. ಗಾರೆ ಒಣಗುವ ಮುನ್ನ ಅಂದಿನ ತುಣುಕು ಮುಗಿಯಲೇಬೇಕು. ಮೈಕೆಲೆಂಜೆಲೊ 1508ರಿಂದ 1512ರವರೆಗೆ ಸಿಸ್ಟೈನ್ ಪ್ರಾರ್ಥನಾಲಯದ ಛಾವಣಿಯನ್ನು ಚಿತ್ರಿಸಿದ್ದೂ ಇದೇ ವಿಧಾನದಲ್ಲಿ.

ಐರೋಪ್ಯ ಪಾಠವನ್ನು ಅರಗಿಸಿಕೊಂಡ ಕನ್ನಡಿಗರ ಕೃತಿಗಳೂ ಇವೆ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿದ ಕೆ.ಕೆ. ಹೆಬ್ಬಾರ್ ಪ್ಯಾರಿಸ್ಸಿನ ಅಕಾಡೆಮಿ ಜೂಲಿಯನ್‌ನಲ್ಲಿ ಅಭ್ಯಾಸ ಮಾಡಿದರು. ಆದರೆ ಅವರ ರೇಖೆಯಲ್ಲಿ ಉಳಿದದ್ದು ಕರಾವಳಿಯ ಲಯ. ಬೆಂಗಳೂರಿನ ವೆಂಕಟಪ್ಪ ಕಲಾಶಾಲೆಯಲ್ಲಿ ಅವರ ಚಿತ್ರಗಳ ಸಂಗ್ರಹವಿದೆ. ದೊಡ್ಡಬಳ್ಳಾಪುರದ ರುಮಾಲೆ ಚನ್ನಬಸವಯ್ಯ (1910-1988) ಬೆಂಗಳೂರಿನ ಹೂಮರಗಳನ್ನು ಬಯಲಿನಲ್ಲೇ ಕುಳಿತು ಚಿತ್ರಿಸಿದ ರೀತಿ ಮೊನೆ, ವ್ಯಾನ್ ಗೋ ಅವರನ್ನು ನೆನಪಿಸಿದರೂ ಆ ಮರಗಳು ಮಾತ್ರ ಅಪ್ಪಟ ಇಲ್ಲಿಯವು.

ಆರುವ ಮುನ್ನ

ಭದ್ರಾವತಿಯ ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದಾಗ ಕಾರ್ಮಿಕರು ಹೋರಾಟಕ್ಕಿಳಿದರು. ಉದ್ಯೋಗದ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು. ಅದನ್ನು ಚಿತ್ರಕಲೆ ಪರಿಹರಿಸಲಾರದು. ಆದರೆ ಕಾರ್ಖಾನೆಯೊಂದು ತಣ್ಣಗಾಗುವಾಗ ಒಂದು ಬಗೆಯ ಬೆಳಕು, ಒಂದು ಬಗೆಯ ದುಡಿಮೆಯ ಭಂಗಿಯೂ ಊರಿನಿಂದ ಮರೆಯಾಗುತ್ತದೆ. ಎಷ್ಟು ಟನ್ ಕಬ್ಬಿಣ ತಯಾರಾಯಿತು ಎಂಬುದನ್ನು ಕಡತಗಳು ಹೇಳುತ್ತವೆ. ಪಾಳಿ ಬದಲಾಗುವ ಹೊತ್ತಿನಲ್ಲಿ ಕಾರ್ಮಿಕರು ಹೇಗೆ ಮೈ ತೊಳೆಯುತ್ತಿದ್ದರು, ಎಲ್ಲಿ ಕುಳಿತು ಬುತ್ತಿ ಬಿಚ್ಚುತ್ತಿದ್ದರು ಎಂಬುದು ಇಂದಿಗೂ ಕಣ್ಣಿಗೆ ಕಾಣುವುದು ಮೆನ್ಸೆಲ್‌ನಂಥವರ ಚಿತ್ರದಲ್ಲಿ.

ಜಿಲ್ಲೆಯ ಚಿತ್ರಕಲಾ ವಿದ್ಯಾರ್ಥಿಗಳು ಸೂರ್ಯಕಾಂತಿ ಹೂಗಳನ್ನು ನಕಲು ಮಾಡುವುದರಿಂದ ಕುಂಚ ಪಳಗುತ್ತದೆ, ನಿಜ. ಆದರೆ ಐರೋಪ್ಯ ಕಲಾವಿದರಿಂದ ಕಲಿಯಬೇಕಾದ ಮುಖ್ಯ ಪಾಠ ಹೂವಿನದಲ್ಲ, ನೋಟದ್ದು: ತಮ್ಮೂರಿನ ಬೆಳಕಿನಲ್ಲಿ, ತಮ್ಮೆದುರಿಗಿದ್ದ ಬದುಕನ್ನು ಅವರು ವಾರಗಟ್ಟಲೆ ನಿಂತು ನೋಡಿದರು. ಕುಲುಮೆಯ ಮುಂದೆ ದುಡಿದ ಹಿರಿಯರು ಭದ್ರಾವತಿಯ ಬಡಾವಣೆಗಳಲ್ಲಿ ಇಂದಿಗೂ ಇದ್ದಾರೆ. ಇಕ್ಕಳ ಹಿಡಿಯುವ ಬಗೆಯನ್ನು ಅವರ ಕೈಗಳು ಮರೆತಿಲ್ಲ. ಪೆನ್ಸಿಲ್ ಮತ್ತು ಕಾಗದ ಹಿಡಿದು ಅವರ ಬಳಿಗೆ ಹೋಗಲು ಬರ್ಲಿನ್ನಿಗೆ ಟಿಕೆಟ್ ಬೇಕಿಲ್ಲ.