ಕಾಡಿನ ಅಂಚಿನಲ್ಲಿ ಮಾಟಗಾತಿ

ಭಯಾನಕ ಚಿತ್ರವೆಂದು ಟಿಕೆಟ್ಟು ಕೊಂಡು ಒಳಹೊಕ್ಕ ಪ್ರೇಕ್ಷಕನು ಬಯಸುವುದೇನು? ಕತ್ತಲೊಳಗಿಂದ ಒಂದು ಕೈ ಚಾಚಬೇಕು, ಬಾಗಿಲು ಕಿರ್ರೆನ್ನಬೇಕು, ಪಕ್ಕದಲ್ಲಿ ಕುಳಿತವರು ಕಿಟ್ಟನೆ ಕಿರುಚಬೇಕು, ಆಮೇಲೆ ಎಲ್ಲರೂ ನಕ್ಕು ಹಗುರಾಗಬೇಕು. 2016ರ ಫೆಬ್ರವರಿ 19ರಂದು ಅಮೆರಿಕದ ಸುಮಾರು ಎರಡು ಸಾವಿರ ಚಿತ್ರಗೃಹಗಳಲ್ಲಿ ತೆರೆಕಂಡ ‘ದಿ ವಿಚ್’ ಎಂಬ ಚಿತ್ರದಲ್ಲಿ ಇವಾವುವೂ ಅವರಿಗೆ ಬೇಕಾದಷ್ಟು ದೊರೆಯಲಿಲ್ಲ. ದೊರೆತದ್ದು ಬೂದುಬಣ್ಣದ ಆಕಾಶ, ಸೌದೆ ಒಡೆಯುವ ತಂದೆ, ಕಣ್ಣೀರಿಡುತ್ತ ಪ್ರಾರ್ಥಿಸುವ ತಾಯಿ, ಹಟ್ಟಿಯಲ್ಲಿ ಹಾಲು ಕರೆಯುವ ಮಗಳು, ಮತ್ತು ಏನನ್ನೋ ಬಲ್ಲಂತೆ ಸುಮ್ಮನೆ ನಿಂತು ನೋಡುವ ಒಂದು ಕರಿಯ ಹೋತ.

ಅಮೆರಿಕದಲ್ಲಿ ಸಿನಿಮಾಸ್ಕೋರ್ ಎಂಬ ಸಂಸ್ಥೆಯೊಂದಿದೆ. ಹೊಸ ಚಿತ್ರದ ಮೊದಲ ದಿನ ಹೊರಬರುವ ಪ್ರೇಕ್ಷಕರಿಗೆ ಚೀಟಿ ಕೊಟ್ಟು ಅವರಿಂದ ಅಂಕ ಹಾಕಿಸುವುದು ಅದರ ಕಸುಬು. ಸಾಮಾನ್ಯ ಚಿತ್ರಕ್ಕೂ ‘ಎ’ ಇಲ್ಲವೇ ‘ಬಿ’ ದರ್ಜೆ ಬರುವುದು ವಾಡಿಕೆ. ‘ದಿ ವಿಚ್’ಗೆ ಬಂದದ್ದು ‘ಸಿ ಮೈನಸ್’. ಇದೇ ಚಿತ್ರವು ಅದರ ಹಿಂದಿನ ವರ್ಷ, 2015ರ ಜನವರಿಯಲ್ಲಿ, ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಮೊದಲು ಪ್ರದರ್ಶಿತವಾಗಿ ನಿರ್ದೇಶನದ ಪ್ರಶಸ್ತಿಯನ್ನು ಗೆದ್ದುಕೊಂಡಿತ್ತು. ವಿಮರ್ಶಕರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಅದನ್ನು ಮೆಚ್ಚಿ ಬರೆದಿದ್ದರು. ಭಯದ ಕಥೆಗಳನ್ನು ಬರೆದೇ ಜಗತ್ತನ್ನು ಗೆದ್ದ ಸ್ಟೀಫನ್ ಕಿಂಗ್ ಕೂಡ ಈ ಚಿತ್ರ ತಮ್ಮನ್ನು ಹೆದರಿಸಿತೆಂದು ಬಹಿರಂಗವಾಗಿ ಒಪ್ಪಿಕೊಂಡರು. ಒಂದೇ ಚಿತ್ರ ಒಬ್ಬರ ನಿದ್ದೆ ಕೆಡಿಸಿತು, ಇನ್ನೊಬ್ಬರಿಗೆ ಚಿತ್ರಗೃಹದಲ್ಲಿಯೇ ನಿದ್ದೆ ತರಿಸಿತು.

ಚಿತ್ರದ ಅವಧಿ ಒಂದೂವರೆ ಗಂಟೆಗಿಂತ ಎರಡು ಮೂರು ನಿಮಿಷ ಹೆಚ್ಚು, ಅಷ್ಟೇ. ಇಷ್ಟು ಚಿಕ್ಕದನ್ನು ‘ಬಹಳ ಉದ್ದ’ ಎಂದು ದೂರಿದವರನ್ನು ಕಂಡು ನಗುವುದು ಸುಲಭ. ಆದರೆ ಅವರ ದೂರು ಗಡಿಯಾರದ ಮೇಲಿನದಲ್ಲ, ಕಾಯಿಸಿದ ರೀತಿಯ ಮೇಲಿನದು.

ಕಥೆ ನಡೆಯುವುದು 1630ರ ಹೊತ್ತಿಗೆ, ನ್ಯೂ ಇಂಗ್ಲೆಂಡಿನಲ್ಲಿ. ಇಂಗ್ಲೆಂಡಿನಿಂದ ಸಮುದ್ರ ದಾಟಿ ಬಂದ ಪ್ಯೂರಿಟನ್ ಪಂಥದ ಒಂದು ಸಂಸಾರ. ಮನೆಯೊಡೆಯ ವಿಲಿಯಂ ಮಹಾ ಧರ್ಮಶ್ರದ್ಧೆಯವನು. ಅದಕ್ಕಿಂತ ಹೆಚ್ಚಿನ ಹಟದವನು. ಊರಿನ ಹಿರಿಯರ ಧರ್ಮ ಶುದ್ಧವಲ್ಲವೆಂದು ವಾದಿಸಿ, ಹೆಂಡತಿ ಮಕ್ಕಳೊಡನೆ ಬಹಿಷ್ಕಾರಕ್ಕೊಳಗಾಗಿ, ದಟ್ಟ ಕಾಡಿನ ಅಂಚಿನಲ್ಲಿ ಒಂಟಿ ಮನೆ ಕಟ್ಟುತ್ತಾನೆ. ಬೆಳೆದ ಮುಸುಕಿನ ಜೋಳಕ್ಕೆ ರೋಗ ಹತ್ತುತ್ತದೆ. ಒಂದು ದಿನ ಹಿರಿಯ ಮಗಳು ಥಾಮಸಿನ್ ಕೂಸನ್ನು ಹುಲ್ಲಿನ ಮೇಲೆ ಮಲಗಿಸಿ, ಕೈಯಿಂದ ಮುಖ ಮುಚ್ಚಿ ತೆರೆದು ಆಡಿಸುತ್ತಿರುತ್ತಾಳೆ. ನಾಲ್ಕನೆಯ ಬಾರಿಯೋ ಐದನೆಯ ಬಾರಿಯೋ ಕೈ ತೆಗೆದಾಗ ಕೂಸು ಅಲ್ಲಿಲ್ಲ. ಕಾಡಿನ ಅಂಚಿನ ಪೊದೆಯೊಂದು ಅಲುಗುತ್ತದೆ. ಆ ಕೂಸಿಗೆ ಇನ್ನೂ ದೀಕ್ಷಾಸ್ನಾನವಾಗಿರಲಿಲ್ಲ. ಆದ್ದರಿಂದ ಅದರ ಆತ್ಮ ನರಕಕ್ಕೆ ಹೋಯಿತೇ ಎಂಬ ಕೊರಗು ತಾಯಿ ಕ್ಯಾಥರಿನ್‌ಳನ್ನು ಸುಡತೊಡಗುತ್ತದೆ.

ಮಾಟಗಾತಿಯು ನಿಜವಾಗಿಯೂ ಕಾಡಿನಲ್ಲಿದ್ದಾಳೆಂಬುದನ್ನು ನಿರ್ದೇಶಕರು ಮುಚ್ಚಿಡುವುದಿಲ್ಲ. ಚಿತ್ರ ಆರಂಭವಾದ ಸ್ವಲ್ಪ ಹೊತ್ತಿಗೇ ತೋರಿಸಿಬಿಡುತ್ತಾರೆ. ಆಮೇಲೆ ಬಹಳ ಹೊತ್ತು ಅವಳ ಸುಳಿವಿಲ್ಲ. ಆ ಹೊತ್ತನ್ನೆಲ್ಲ ತುಂಬುವುದು ಒಂದು ಬೆಳ್ಳಿಯ ಬಟ್ಟಲು.

ಆ ಬಟ್ಟಲು ಕ್ಯಾಥರಿನ್‌ಳಿಗೆ ತವರಿನಿಂದ ಬಂದದ್ದು. ಬೇಟೆಯ ಸಲಕರಣೆ ಕೊಳ್ಳಲು ವಿಲಿಯಂ ಅದನ್ನು ಹೆಂಡತಿಗೆ ತಿಳಿಯದಂತೆ ಮಾರಿಬಿಟ್ಟಿದ್ದಾನೆ. ಬಟ್ಟಲು ಕಾಣದಾದಾಗ ತಾಯಿಯ ಕಣ್ಣು ಮಗಳ ಮೇಲೆ ಬೀಳುತ್ತದೆ. ತಂದೆ ಎದುರಿಗೇ ಕುಳಿತಿದ್ದಾನೆ. ಒಂದು ಮಾತು ಆಡಿದರೆ ಮುಗಿಯಿತು, ಆಡುವುದಿಲ್ಲ. ಮಗ ಕೇಲೆಬ್ ತಂದೆಯ ಜೊತೆ ಬೇಟೆಗೆ ಹೋಗಿದ್ದುದನ್ನು ಮರೆಮಾಚಲು, ಸೇಬು ಹುಡುಕಲು ಹೋಗಿದ್ದೆವೆಂದು ಸುಳ್ಳು ಹೇಳುತ್ತಾನೆ. ಅವಳಿ ಮಕ್ಕಳು ಕರಿಯ ಫಿಲಿಪ್ ಎಂಬ ಆ ಹೋತವು ತಮ್ಮೊಡನೆ ಮಾತನಾಡುತ್ತದೆಂದು ಹಾಡಿಕೊಂಡು ಕುಣಿಯುತ್ತವೆ. ತಂಗಿಯ ಕಾಟ ತಾಳಲಾರದೆ ಥಾಮಸಿನ್ ಒಮ್ಮೆ, ‘ಕಾಡಿನ ಮಾಟಗಾತಿ ನಾನೇ’ ಎಂದು ಹೆದರಿಸಿಬಿಡುತ್ತಾಳೆ. ಮಕ್ಕಳ ಜಗಳದಲ್ಲಿ ಆಡಿದ ಮಾತು. ಆದರೆ ಅನ್ನವಿಲ್ಲದ, ನೆರೆಯಿಲ್ಲದ, ಪಾಪದ ಭಯದಲ್ಲಿ ಬೆಂದ ಆ ಮನೆಯಲ್ಲಿ ಅದು ಸಾಕ್ಷ್ಯವಾಗಿ ಉಳಿಯುತ್ತದೆ. ಅವಳನ್ನು ಬೇರೆ ಮನೆಗೆ ಚಾಕರಿಗೆ ಕಳಿಸುವ ವಿಚಾರವನ್ನು ತಂದೆತಾಯಿಗಳು ರಾತ್ರಿ ಪಿಸುಮಾತಿನಲ್ಲಿ ಆಡುತ್ತಾರೆ. ಮಕ್ಕಳು ಎಚ್ಚರವಾಗಿಯೇ ಇರುತ್ತವೆ.

ಚಿತ್ರವನ್ನು ಮೆಚ್ಚಿದವರು ಮೆಚ್ಚುವುದು ಇದನ್ನೇ. ಮಾಟಗಾತಿ ಬಂದು ಕೆಡಿಸಬೇಕಾದ ಅಗತ್ಯವೇ ಇಲ್ಲದಂತೆ ಸಂಸಾರವು ಒಳಗಿನಿಂದ ಬಿರಿಯುತ್ತ ಹೋಗುವುದನ್ನು ನೋಡುವುದಕ್ಕಿಂತ ಭಯಾನಕವಾದದ್ದು ಬೇರೇನಿದೆ ಎಂಬುದು ಅವರ ಪ್ರಶ್ನೆ. ಒಪ್ಪದವರ ಉತ್ತರವೂ ಅಷ್ಟೇ ನೇರ: ಸಂಸಾರದ ಜಗಳ ನೋಡಲು ಭಯಾನಕ ಚಿತ್ರಕ್ಕೇಕೆ ಹೋಗಬೇಕು? ಈ ಉತ್ತರವನ್ನು ಹಗುರವಾಗಿ ಕಾಣಬಾರದು. ಜಾಹೀರಾತು ಒಂದನ್ನು ಹೇಳಿ ತೆರೆ ಇನ್ನೊಂದನ್ನು ತೋರಿದರೆ ಪ್ರೇಕ್ಷಕನು ಮೋಸಹೋದಂತೆ ಭಾವಿಸುವುದು ಸಹಜ. ‘ದಿ ವಿಚ್’ ಚಿತ್ರವನ್ನು ಬಿಡುಗಡೆ ಮಾಡಿದ ಎ24 ಸಂಸ್ಥೆಯೇ 2018ರಲ್ಲಿ ‘ಹೆರೆಡಿಟರಿ’ ಎಂಬ ಇನ್ನೊಂದು ನಿಧಾನದ ಭಯಾನಕ ಚಿತ್ರವನ್ನು ತಂದಾಗಲೂ ವಿಮರ್ಶಕರು ಹೊಗಳಿದರು, ಮೊದಲ ದಿನದ ಪ್ರೇಕ್ಷಕರು ‘ಡಿ ಪ್ಲಸ್’ ಕೊಟ್ಟು ಮನೆಗೆ ಹೋದರು.

ಭಾಷೆಯ ತೊಡಕು ಬೇರೆ. ಪಾತ್ರಗಳು ಆಡುವುದು ಹದಿನೇಳನೆಯ ಶತಮಾನದ ಇಂಗ್ಲಿಷ್. ಕಥೆಯ ಕಾಲಕ್ಕೆ ಷೇಕ್ಸ್‌ಪಿಯರ್ ತೀರಿಕೊಂಡು ಹದಿನಾಲ್ಕೇ ವರ್ಷ. ಸಂಭಾಷಣೆಯ ಬಹುಭಾಗವನ್ನು ಆ ಕಾಲದ ದಿನಚರಿಗಳಿಂದಲೂ ನ್ಯಾಯಾಲಯದ ದಾಖಲೆಗಳಿಂದಲೂ ಆಯ್ದುಕೊಂಡದ್ದೆಂದು ಚಿತ್ರದ ಕೊನೆಯ ಬರಹವೇ ತಿಳಿಸುತ್ತದೆ. ಮೇಲಾಗಿ ತಂದೆಯ ಪಾತ್ರ ವಹಿಸಿದ ರಾಲ್ಫ್ ಐನಸನ್‌ರದು ಉತ್ತರ ಇಂಗ್ಲೆಂಡಿನ ಉಚ್ಚಾರ, ಗವಿಯೊಳಗಿಂದ ಹೊರಡುವಂತಹ ದನಿ. ಇಂಗ್ಲಿಷನ್ನೇ ತಾಯ್ನುಡಿಯಾಗಿ ಉಳ್ಳವರೂ ಅಡಿಬರಹವಿದ್ದಿದ್ದರೆ ಚೆನ್ನಾಗಿತ್ತೆಂದು ಗೊಣಗಿದ್ದುಂಟು.

ನಿರ್ದೇಶಕ ರಾಬರ್ಟ್ ಎಗರ್ಸ್ ನ್ಯೂ ಇಂಗ್ಲೆಂಡಿನ ನ್ಯೂ ಹ್ಯಾಂಪ್‌ಷೈರಿನಲ್ಲಿ ಬೆಳೆದವರು. ಇದು ಅವರ ಮೊದಲ ಪೂರ್ಣ ಪ್ರಮಾಣದ ಚಿತ್ರ. ಅದಕ್ಕೆ ಮೊದಲು ಅವರು ರಂಗಸಜ್ಜಿಕೆ, ಉಡುಪುಗಳ ವಿನ್ಯಾಸದಲ್ಲಿ ದುಡಿದವರು. ಆ ಕಸುಬಿನ ನಿಷ್ಠೆ ಚಿತ್ರದ ತುಂಬ ಕಾಣುತ್ತದೆ. ಕೆನಡದ ಒಂಟಾರಿಯೋ ಪ್ರಾಂತದ ಕಿಯಾಸ್ಕ್ ಎಂಬ ನಿರ್ಜನ ಪ್ರದೇಶದಲ್ಲಿ ಮನೆಯನ್ನೂ ಕೊಟ್ಟಿಗೆಯನ್ನೂ ಆ ಕಾಲದ ಮಾದರಿಯಲ್ಲಿ ಕಟ್ಟಿಸಿದರು. ಛಾಯಾಗ್ರಾಹಕ ಜರಿನ್ ಬ್ಲಾಷ್ಕೆ ಬಹುಮಟ್ಟಿಗೆ ಹಗಲ ಬೆಳಕು ಹಾಗೂ ಮೇಣದ ಬತ್ತಿಗಳಲ್ಲೇ ಚಿತ್ರಿಸಿದರು. ಹೋತವೊಂದೇ ಯಾರ ಮಾತನ್ನೂ ಕೇಳಲಿಲ್ಲ. ಚಾರ್ಲಿ ಎಂಬ ಹೆಸರಿನ ಆ ಪ್ರಾಣಿ ಐನಸನ್‌ರನ್ನು ಹಾಯ್ದು ಪಕ್ಕೆಗೆ ಪೆಟ್ಟುಮಾಡಿತು. ತೆರೆಯ ಮೇಲೆ ಅವರು ಆ ಹೋತವನ್ನು ನೋಡುವ ನೋಟದಲ್ಲಿ ಅಭಿನಯವೆಷ್ಟೋ ಅನುಭವವೆಷ್ಟೋ! ಸುಮಾರು 40 ಲಕ್ಷ ಡಾಲರಿನಲ್ಲಿ ತಯಾರಾದ ಚಿತ್ರ ಅದರ ಹತ್ತರಷ್ಟು ಗಳಿಸಿತು. ಹಾಗಾಗಿ ದೂರಿದವರೂ ಹಣ ಕೊಟ್ಟೇ ದೂರಿದರೆಂಬುದು ಸ್ಪಷ್ಟ.

ಬೇಸರ ತಂದಿತೋ ಇಲ್ಲವೋ ಎಂಬ ಈ ಜಗಳಕ್ಕಿಂತ ಆಳವಾದ ಇನ್ನೊಂದು ಜಗಳವಿದೆ. ಚಿತ್ರದ ಕಾಲಕ್ಕಿಂತ ಸುಮಾರು ಅರುವತ್ತು ವರ್ಷಗಳ ನಂತರ, 1692ರಲ್ಲಿ, ಅದೇ ಪ್ರದೇಶದ ಸೇಲಂನಲ್ಲಿ ಮಾಟದ ವಿಚಾರಣೆಗಳು ನಡೆದವು. ಹತ್ತೊಂಬತ್ತು ಮಂದಿಯನ್ನು ಗಲ್ಲಿಗೇರಿಸಲಾಯಿತು. ಅವರಲ್ಲಿ ಹದಿನಾಲ್ವರು ಹೆಂಗಸರು. ಜೈಲ್ಸ್ ಕೋರಿ ಎಂಬ ಮುದುಕನ ಮೇಲೆ ಕಲ್ಲು ಹೇರಿ ಕೊಂದರು. ಸೆರೆಮನೆಯಲ್ಲಿ ಸತ್ತವರು ಬೇರೆ. ಅಲ್ಲಿಯೂ ಎಲ್ಲ ಆರಂಭವಾದದ್ದು ಇಬ್ಬರು ಚಿಕ್ಕ ಹುಡುಗಿಯರ ವಿಚಿತ್ರ ನಡವಳಿಕೆಯಿಂದ. ಸತ್ತವರಲ್ಲಿ ಒಬ್ಬರೂ ಮಾಟಗಾತಿಯರಲ್ಲ. ಹೀಗಿರುವಾಗ ಮಾಟಗಾತಿ ನಿಜವೆಂದೇ ತೋರಿಸುವ ಚಿತ್ರವು ಕೊಂದವರ ಪಕ್ಷ ವಹಿಸಿದಂತಾಗಲಿಲ್ಲವೇ ಎಂದು ಕೆಲವರು ಕೇಳಿದರು.

ಕೇಳತಕ್ಕ ಪ್ರಶ್ನೆಯೇ. ಕೊನೆಯ ಉಸಿರಿನವರೆಗೆ ನಿರಪರಾಧಿಗಳೆಂದು ಸಾರಿದವರ ಹೆಸರು ತೊಳೆಯಲು ಶತಮಾನಗಳೇ ಹಿಡಿದವು. ಸೇಲಂ ಪ್ರಕರಣದಲ್ಲಿ ಮರಣದಂಡನೆಗೆ ಗುರಿಯಾಗಿ ಹೇಗೋ ಬದುಕುಳಿದ ಎಲಿಜಬೆತ್ ಜಾನ್ಸನ್ ಎಂಬಾಕೆಯನ್ನು ನಿರ್ದೋಷಿಯೆಂದು ಮ್ಯಾಸಚೂಸೆಟ್ಸ್ ರಾಜ್ಯವು ಘೋಷಿಸಿದ್ದು 2022ರಲ್ಲಿ. ಅದೂ ಅಲ್ಲಿನ ಶಾಲಾಮಕ್ಕಳು ತಮ್ಮ ಉಪಾಧ್ಯಾಯಿನಿಯೊಡನೆ ಪಟ್ಟುಹಿಡಿದ ಮೇಲೆ.

ಚಿತ್ರದ ಪರವಾಗಿ ವಾದಿಸುವವರು ಇದಕ್ಕೆ ಹೇಳುವುದಿಷ್ಟು: ಆ ಕಾಲದವರಿಗೆ ಮಾಟಗಾತಿ ಕಾಡಿನ ತೋಳದಷ್ಟೇ ನಿಜವಾಗಿದ್ದಳು, ಅವರ ಕಣ್ಣಿನಿಂದ ನೋಡದೆ ಅವರೇಕೆ ಕೊಂದರೆಂಬುದು ತಿಳಿಯುವುದು ಹೇಗೆ? ಇನ್ನು ಕೆಲವರು ಎಲ್ಲಕ್ಕೂ ಕೆಟ್ಟ ಜೋಳವೇ ಕಾರಣವೆಂದರು. 1976ರಲ್ಲಿ ಲಿಂಡಾ ಕ್ಯಾಪೊರೇಲ್ ಎಂಬ ವಿದುಷಿ, ರೈ ಧಾನ್ಯಕ್ಕೆ ಹತ್ತುವ ಎರ್ಗಟ್ ಎಂಬ ಬೂಷ್ಟಿನ ವಿಷದಿಂದ ಸೇಲಂನವರಿಗೆ ಭ್ರಮೆ ಹಿಡಿದಿರಬಹುದೆಂದು ವಾದಿಸಿದ್ದರು. ಇತಿಹಾಸಕಾರರಲ್ಲಿ ಬಹುಮಂದಿ ಅದನ್ನು ಒಪ್ಪಿಲ್ಲ. ಚಿತ್ರದ ಮಟ್ಟಿಗೂ ಈ ವಿವರಣೆ ಸೊರಗಿದ್ದೇ. ತಂದೆಯ ಸುಳ್ಳನ್ನು ಬೂಷ್ಟಿನ ತಲೆಗೆ ಕಟ್ಟಲಾಗದು.

ಡೆನ್ಮಾರ್ಕಿನ ಕಾರ್ಲ್ ಡ್ರೇಯರ್ 1943ರಲ್ಲಿ ‘ಡೇ ಆಫ್ ರಾತ್’ ಎಂಬ ಚಿತ್ರ ಮಾಡಿದಾಗಲೂ ಇದೇ ಆಗಿತ್ತು. ಅದೂ ಹದಿನೇಳನೆಯ ಶತಮಾನದ ಮಾಟದ ಕಥೆ. ಅದನ್ನೂ ಆಗಿನವರು ಅತಿ ನಿಧಾನವೆಂದು ಹಳಿದರು. ಇಂದು ಅದು ಮಹಾಕೃತಿಗಳ ಸಾಲಿನಲ್ಲಿದೆ. ಆದರೆ ನಿಧಾನವಾದದ್ದೆಲ್ಲ ಮಹಾಕೃತಿಯಾಗುವುದಿಲ್ಲವೆಂಬುದನ್ನೂ ನೆನೆಯಬೇಕು.

‘ದಿ ವಿಚ್’ನ ಕೊನೆಯ ಹತ್ತು ನಿಮಿಷಗಳು ಎರಡು ಪಕ್ಷಗಳನ್ನೂ ಮತ್ತೆ ಒಡೆಯುತ್ತವೆ. ಎಲ್ಲರನ್ನೂ ಕಳೆದುಕೊಂಡ ಥಾಮಸಿನ್ ಇರುಳಿನಲ್ಲಿ ಒಬ್ಬಳೇ ಕಾಡಿನತ್ತ ನಡೆಯುತ್ತಾಳೆ. ಅಲ್ಲಿ ನಡೆಯುವುದನ್ನು ಇಲ್ಲಿ ಹೇಳುವುದು ನೋಡದವರಿಗೆ ಅನ್ಯಾಯ. ಅದನ್ನು ಹುಡುಗಿಯೊಬ್ಬಳ ಬಿಡುಗಡೆಯೆಂದು ಕೊಂಡಾಡಿದವರುಂಟು. ಅದೇ ಅವಳ ಸರ್ವನಾಶ, ಸೈತಾನನು ಹೊಂಚುಹಾಕಿ ಗೆದ್ದದ್ದೇ ಕಥೆ ಎಂದು ಮರುಗಿದ ಧರ್ಮನಿಷ್ಠರೂ ಉಂಟು. ಕಾಡು ತೋರದಿದ್ದರೆ ಚೆನ್ನಾಗಿತ್ತು, ಅನುಮಾನದಲ್ಲಿಯೇ ಬಿಟ್ಟಿದ್ದರೆ ಹೆಚ್ಚು ಹೆದರುತ್ತಿದ್ದೆವು ಎಂಬವರ ಮಾತಿನಲ್ಲಿಯೂ ಹುರುಳಿದೆ. ಥಾಮಸಿನ್ ಆಗಿ ನಟಿಸಿದ ಆನ್ಯಾ ಟೇಲರ್-ಜಾಯ್‌ರ ಮುಖ ಆ ಗಳಿಗೆಯಲ್ಲಿ ಅಳುತ್ತಿದೆಯೋ ನಗುತ್ತಿದೆಯೋ ಎಂಬುದರಲ್ಲಿಯೇ ಒಮ್ಮತವಿಲ್ಲ. 2020ರ ‘ದಿ ಕ್ವೀನ್ಸ್ ಗ್ಯಾಂಬಿಟ್’ ಧಾರಾವಾಹಿಯಿಂದ ಆಕೆ ಮನೆಮಾತಾಗುವುದಕ್ಕೆ ಇನ್ನೂ ಐದು ವರ್ಷಗಳಿದ್ದವು.

ಮಕ್ಕಳನ್ನು ಜೊತೆಗೆ ಕೂರಿಸಿಕೊಂಡು ನೋಡತಕ್ಕ ಚಿತ್ರ ಇದಲ್ಲ. ಅಮೆರಿಕದಲ್ಲಿಯೇ ಹದಿನೇಳು ತುಂಬದವರಿಗೆ ಹಿರಿಯರ ಜೊತೆಯಿಲ್ಲದೆ ಪ್ರವೇಶವಿರಲಿಲ್ಲ. ಕೂಸಿಗೆ ಸಂಬಂಧಿಸಿದ ಮೊದಲ ದೃಶ್ಯಗಳನ್ನು ಎಳೆಯ ತಾಯಂದಿರೂ ನೋಡದಿರುವುದು ಒಳಿತು. ನೋಡುವ ಹಿರಿಯರು ರಾತ್ರಿ ಮನೆಯ ದೀಪಗಳನ್ನೆಲ್ಲ ಆರಿಸಿ, ಸದ್ದಡಗಿದ ಮೇಲೆ ಕುಳಿತುಕೊಳ್ಳುವುದು ಮೇಲು. ಮಾತಿಗೆ ಅಡಿಬರಹವನ್ನು ಹಾಕಿಕೊಳ್ಳುವುದನ್ನು ಮರೆಯಬಾರದು.